ಒಂದೇ ರೈಲು ಮಾರ್ಗ, ನಾಲ್ಕು ಊರು: ಕೆನಡಾದ ಐಸ್ ಹಾಕಿ ಅಂಗಣಗಳಿಗೆ ಹೋಗಿ ಬರುವುದು ಹೇಗೆ?

ಟೊರಾಂಟೊ, ಮಿಸ್ಸಿಸಾಗಾ, ಬ್ರಾಂಪ್ಟನ್ ಕಡೆ ನೆಲೆಸಿರುವ ಕನ್ನಡಿಗರನ್ನು ಐಸ್ ಹಾಕಿ ಬಗ್ಗೆ ಕೇಳಿ ನೋಡಿ. ‘ಟಿವಿಯಲ್ಲಿ ನೋಡ್ತೀವಿ, ಟಿಕೆಟ್ ರೇಟು ಕೇಳಿ ಸುಮ್ಮನಾದ್ವಿ’ ಎನ್ನುವವರೇ ಹೆಚ್ಚು. ಟೊರಾಂಟೊ ಮೇಪಲ್ ಲೀಫ್ಸ್ ತಂಡದ ಟಿಕೆಟ್ ಕೈ ಸುಡುವುದು ನಿಜ. ಆದರೆ ಹಾಕಿ ಎಂದರೆ ಲೀಫ್ಸ್ ಒಂದೇ ಅಲ್ಲ. ಟೊರಾಂಟೊದಿಂದ ಮಾಂಟ್ರಿಯಲ್‌ಗೆ ಹೋಗುವ ರೈಲು ಮಾರ್ಗದಲ್ಲೇ ದೊಡ್ಡವು, ಸಣ್ಣವು, ಹಳೆಯವು, ಹೊಸವು ಸೇರಿ ಹಲವು ಅಂಗಣಗಳಿವೆ. ಒಂದೇ ಪಂದ್ಯಕ್ಕೆ ಹಣ ಸುರಿಯುವ ಬದಲು ಆ ಹಣವನ್ನು ನಾಲ್ಕು ಊರಿಗೆ ಹಂಚಿ. ಅದರಲ್ಲಿ ಒಂದಾದರೂ ಸಣ್ಣ ಊರಾಗಿರಲಿ. ಈ ಆಟವನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಹಂತ 1: ವೇಳಾಪಟ್ಟಿ ಮೊದಲು, ಟಿಕೆಟ್ ಆಮೇಲೆ

ನ್ಯಾಷನಲ್ ಹಾಕಿ ಲೀಗ್ ಅಂದರೆ ಎನ್‌ಎಚ್‌ಎಲ್‌ನಲ್ಲಿ 32 ತಂಡಗಳಿವೆ. ಕೆನಡಾದವು ಏಳು, ನಮ್ಮ ಈ ಮಾರ್ಗದಲ್ಲಿ ಸಿಗುವವು ಮೂರು: ಟೊರಾಂಟೊ, ಒಟ್ಟಾವ, ಮಾಂಟ್ರಿಯಲ್. ಲೀಗ್ ಹಂತ ಶರತ್ಕಾಲದಲ್ಲಿ ಶುರುವಾಗಿ ಏಪ್ರಿಲ್‌ವರೆಗೆ ನಡೆಯುತ್ತದೆ, ಚಾಂಪಿಯನ್ ತಂಡಕ್ಕೆ ಸಿಗುವ ಸ್ಟ್ಯಾನ್ಲಿ ಕಪ್ ಯಾರದೆಂದು ತೀರ್ಮಾನವಾಗುವುದು ಜೂನ್‌ನಲ್ಲಿ. ವೇಳಾಪಟ್ಟಿ ಸಾಮಾನ್ಯವಾಗಿ ಜುಲೈನಲ್ಲೇ ಹೊರಬೀಳುತ್ತದೆ.

ಇಲ್ಲೊಂದು ತೊಡಕಿದೆ. ಶನಿವಾರ ರಾತ್ರಿ ಹಾಕಿ ನೋಡುವುದು ಕೆನಡಾದವರಿಗೆ ತಲೆಮಾರುಗಳಿಂದ ಬಂದ ರೂಢಿ. ಹಾಗಾಗಿ ಟೊರಾಂಟೊ ಮತ್ತು ಮಾಂಟ್ರಿಯಲ್ ಎರಡೂ ಶನಿವಾರವೇ ತವರಿನಲ್ಲಿ ಆಡಲು ನೋಡುತ್ತವೆ. ಒಂದು ವಾರಾಂತ್ಯದಲ್ಲಿ ಎರಡನ್ನೂ ನೋಡಿಬಿಡುತ್ತೇನೆ ಎಂದು ಹೊರಟರೆ ಲೆಕ್ಕ ತಪ್ಪುತ್ತದೆ. ಟೊರಾಂಟೊ ಪಂದ್ಯವನ್ನು ವಾರದ ನಡುವೆ ಇಟ್ಟುಕೊಳ್ಳಿ. ದರವೂ ತುಸು ಇಳಿದಿರುತ್ತದೆ. ಶುಕ್ರವಾರ ಕಿರಿಯರ ಲೀಗ್‌ನ ತಂಡವಿರುವ ಸಣ್ಣ ಊರು ಕಿಂಗ್‌ಸ್ಟನ್, ಶನಿವಾರ ಮಾಂಟ್ರಿಯಲ್, ಆಮೇಲೆ ಒಟ್ಟಾವ. ಕಿರಿಯರ ಲೀಗ್‌ನ ಪಂದ್ಯಗಳು ಹೆಚ್ಚಾಗಿ ಶುಕ್ರವಾರದಿಂದ ಭಾನುವಾರದೊಳಗೆ ನಡೆಯುವುದರಿಂದ ಈ ಸರಣಿ ಚೆನ್ನಾಗಿ ಕೂಡಿಬರುತ್ತದೆ.

ರೈಲಿನ ಅಂದಾಜು: ಟೊರಾಂಟೊದಿಂದ ಕಿಂಗ್‌ಸ್ಟನ್‌ಗೆ ಎರಡೂವರೆ ಗಂಟೆ, ಅಲ್ಲಿಂದ ಮಾಂಟ್ರಿಯಲ್‌ಗೆ ಹೆಚ್ಚುಕಡಿಮೆ ಮೂರು ಗಂಟೆ, ಮಾಂಟ್ರಿಯಲ್‌ನಿಂದ ಒಟ್ಟಾವಕ್ಕೆ ಎರಡು ಗಂಟೆ. ಈ ಹಳಿಗಳ ಬಹುಭಾಗ ಸರಕು ಸಾಗಣೆ ಕಂಪನಿಯದು. ಪ್ರಯಾಣಿಕರ ರೈಲು ದಾರಿಯಲ್ಲಿ ಕಾಯಬೇಕಾಗಿ ಬರುವುದುಂಟು. ಸಂಜೆ ಏಳಕ್ಕೆ ಪಂದ್ಯವಿದ್ದರೆ ಐದೂವರೆಗೆ ತಲುಪುವ ರೈಲನ್ನು ನಂಬಬೇಡಿ, ಮಧ್ಯಾಹ್ನದ್ದನ್ನೇ ಹಿಡಿಯಿರಿ.

ರೈಲು ಬಿಟ್ಟು ಗಡಿಯಾಚೆಯ ಬಫಲೋಗೆ ಹೋಗುವ ಟೊರಾಂಟೊ ಅಭಿಮಾನಿಗಳೂ ಬಹಳ. ನಯಾಗರದ ಪಕ್ಕದಲ್ಲೇ ಇದೆ, ಟಿಕೆಟ್ ಅಗ್ಗ. ಆದರೆ ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅದಕ್ಕೆ ಅಮೆರಿಕದ ವೀಸಾ ಬೇರೆಯೇ ಬೇಕು.

ಹಂತ 2: ಟಿಕೆಟ್ ಕೊಳ್ಳುವಾಗ

ಎದುರಾಳಿ ಯಾರು ಎಂಬುದರ ಮೇಲೆ ದರ ನಿಂತಿದೆ. ಲೀಫ್ಸ್ ಮತ್ತು ಮಾಂಟ್ರಿಯಲ್ ಕೆನೇಡಿಯನ್ಸ್ ಮುಖಾಮುಖಿಯಾದರೆ ಹತ್ತಿರ ಸುಳಿಯುವುದೂ ಕಷ್ಟ. ದೂರದ ಅಮೆರಿಕನ್ ತಂಡವೊಂದು ಮಂಗಳವಾರ ಬಂದರೆ ಅದೇ ಕುರ್ಚಿಗೆ ಎಷ್ಟೋ ಕಡಿಮೆ. ಮರುಮಾರಾಟದ ಟಿಕೆಟ್‌ಗಳು ಪಂದ್ಯದ ದಿನ ಇಳಿಯುವುದುಂಟು, ಆದರೆ ಟೊರಾಂಟೊದಲ್ಲಿ ಅದನ್ನೇ ನೆಚ್ಚಿಕೊಂಡು ಕೂರಬೇಡಿ. ಪರದೆಯ ಮೇಲೆ ಮೊದಲು ಕಾಣುವ ದರಕ್ಕೆ ತೆರಿಗೆ ಸೇರಬಹುದು ಎಂಬುದು ನೆನಪಿರಲಿ.

ಟಿಕೆಟ್ ಇರುವುದು ಮೊಬೈಲ್‌ನಲ್ಲೇ. ಯಾರಾದರೂ ಸ್ಕ್ರೀನ್‌ಶಾಟ್ ಕಳಿಸಿ ಹಣ ಕೇಳಿದರೆ ಕೊಡಬೇಡಿ. ಟಿಕೆಟ್ ನಿಮ್ಮ ಖಾತೆಗೇ ವರ್ಗಾವಣೆ ಆಗಬೇಕು. ಊರಿನಿಂದ ಬಂದವರು ಮನೆಯ ವೈ-ಫೈ ಇರುವಾಗಲೇ ಅದನ್ನು ಫೋನಿನ ವಾಲೆಟ್‌ಗೆ ಇಳಿಸಿಕೊಳ್ಳಲಿ. ಸಾವಿರಾರು ಜನ ಸೇರಿದ ಗೇಟಿನ ಮುಂದೆ ನೆಟ್‌ವರ್ಕ್ ಸಿಗುತ್ತದೆಂಬ ಖಾತರಿಯಿಲ್ಲ.

ಹಂತ 3: ಎಲ್ಲಿ ಕೂರಬೇಕು?

ಈ ಹಂತಕ್ಕೆ ಸಮಯ ಕೊಡಿ. ಮೊದಲ ಸಲ ಹೋಗುವವರು ಗಾಜಿಗೆ ಅಂಟಿದ ಸಾಲೇ ಬೇಕೆಂದು ಆಸೆಪಡುತ್ತಾರೆ. ಆಟಗಾರ ಬಂದು ಕಣ್ಣೆದುರೇ ಗಾಜಿಗೆ ಅಪ್ಪಳಿಸಿದಾಗ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ರಿಂಕ್, ಅಂದರೆ ಆಡುವ ಮಂಜುಗಡ್ಡೆಯ ಅಂಗಳ, 200 ಅಡಿ ಉದ್ದ, 85 ಅಡಿ ಅಗಲ; ತಗ್ಗಿನಲ್ಲಿ ಕೂತರೆ ಆ ತುದಿಯ ಆಟ ಕಾಣಿಸುವುದೇ ಇಲ್ಲ. ಪಕ್ ಎಂದರೆ ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪದ ರಬ್ಬರ್ ಬಿಲ್ಲೆ. ಪುಟಿಯಬಾರದೆಂದು ಪಂದ್ಯಕ್ಕೆ ಮೊದಲು ಅದನ್ನು ಫ್ರೀಜರ್‌ನಲ್ಲಿ ಇಟ್ಟಿರುತ್ತಾರೆ. ಅದರ ಹಿಂದೆ ಕಣ್ಣು ಓಡಿಸುವುದಕ್ಕಿಂತ ಐವರು ಆಟಗಾರರು ಹೇಗೆ ಹರಡಿಕೊಳ್ಳುತ್ತಾರೆ, ಹೇಗೆ ಒಟ್ಟಾಗುತ್ತಾರೆ ಎಂದು ನೋಡಿದರೆ ಆಟ ಬೇಗ ತಿಳಿಯುತ್ತದೆ. ಅದಕ್ಕೆ ಮೇಲಿನ ಹಂತದ ಮುಂದಿನ ಸಾಲುಗಳೇ ಸರಿ. ಅಗ್ಗವೂ ಹೌದು.

ಇನ್ನೊಂದು ಸೂಕ್ಷ್ಮ. ಪಂದ್ಯದಲ್ಲಿ ತಲಾ 20 ನಿಮಿಷದ ಮೂರು ಪೀರಿಯಡ್‌ಗಳಿದ್ದು, ಪ್ರತಿ ಪೀರಿಯಡ್‌ಗೂ ತಂಡಗಳು ತುದಿ ಬದಲಿಸುತ್ತವೆ. ಅಂದರೆ ತವರು ತಂಡ ಒಂದು ತುದಿಯ ಕಡೆಗೆ ಮೊದಲ ಮತ್ತು ಮೂರನೇ ಪೀರಿಯಡ್‌ನಲ್ಲಿ ದಾಳಿ ಮಾಡುತ್ತದೆ, ಮತ್ತೊಂದು ತುದಿಯ ಕಡೆಗೆ ಎರಡನೆಯದರಲ್ಲಿ ಮಾತ್ರ. ಮೂಲೆಯ ಆಸನ ಕೊಳ್ಳುವುದಾದರೆ ಎರಡು ಸಲ ದಾಳಿ ನಡೆಯುವ ತುದಿ ಯಾವುದೆಂದು ತಿಳಿದುಕೊಂಡು ಕೊಳ್ಳಿ. ಎರಡನೇ ಪೀರಿಯಡ್‌ಗೆ ಮಾತ್ರ ತಿಂಡಿಯ ಸಾಲಿನಿಂದ ಬೇಗ ವಾಪಸಾಗಿ. ಆಗ ರಕ್ಷಣೆಯಲ್ಲಿರುವ ಆಟಗಾರರಿಗೆ ಬದಲಿ ಆಟಗಾರರು ಕಾದಿರುವ ತಮ್ಮ ಬೆಂಚು ದೂರವಾಗುತ್ತದೆ. ದಣಿದರೂ ಹೊರಗೆ ಹೋಗಲಾಗದೆ ಸಿಕ್ಕಿಬೀಳುತ್ತಾರೆ, ಗೋಲುಗಳು ಬರುತ್ತವೆ.

ಗೋಲಿನ ಹಿಂದೆ ಕೂತರೆ ಮುಂದೆ ಬಲೆ ಇರುತ್ತದೆ. 2002ರಲ್ಲಿ ಅಮೆರಿಕದ ಕೊಲಂಬಸ್‌ನಲ್ಲಿ ಪಕ್ ಬಡಿದು ಪ್ರೇಕ್ಷಕಿಯಾಗಿದ್ದ ಬಾಲಕಿಯೊಬ್ಬಳು ತೀರಿಕೊಂಡ ಮೇಲೆ ಕಡ್ಡಾಯವಾದದ್ದು ಅದು. ಬದಿಗಳಲ್ಲಿ ಬಲೆ ಇಲ್ಲ. ಮಕ್ಕಳನ್ನು ಕರೆದೊಯ್ದವರು ಆಟ ನಡೆಯುವಾಗ ಫೋನಿನಲ್ಲಿ ಮುಳುಗಬಾರದು.

ಹಂತ 4: ಉಡುಪು, ಚೀಲ, ಊಟ

ಹೊರಗೆ ಮೈನಸ್ ಹದಿನೈದು ಇರಬಹುದು, ಒಳಗೆ ಅಷ್ಟು ಚಳಿಯಿಲ್ಲ. ದಪ್ಪ ಕೋಟೊಂದನ್ನೇ ನಂಬಿದರೆ ಎರಡೂವರೆ ಗಂಟೆ ಅದನ್ನು ತೊಡೆಯ ಮೇಲೆ ಹೊತ್ತು ಕೂರಬೇಕು. ಪದರ ಪದರವಾಗಿ ತೊಟ್ಟರೆ ಒಳ್ಳೆಯದು. ಸಣ್ಣ ಊರಿನ ಅಂಗಣಗಳು ಹೆಚ್ಚು ತಣ್ಣಗಿರುತ್ತವೆ, ಅಲ್ಲಿಗೆ ಟೋಪಿ, ಕಾಲುಚೀಲ ಗಟ್ಟಿಯಿರಲಿ. ದೊಡ್ಡ ಅಂಗಣಗಳಲ್ಲಿ ಬೆನ್ನುಚೀಲಕ್ಕೆ ಪ್ರವೇಶವಿಲ್ಲ. ರೈಲಿನಿಂದ ಇಳಿದವರು ಹೋಟೆಲಿನಲ್ಲಿ ಸಾಮಾನು ಇಟ್ಟೇ ಹೊರಡಬೇಕು.

ಸಸ್ಯಾಹಾರಿಗಳಿಗೆ ಪಾಪ್‌ಕಾರ್ನ್, ಪ್ರೆಟ್ಜೆಲ್, ಪಿಜ್ಜಾ ಸಿಗುತ್ತದೆ. ಪುಟೀನ್ ಮಾತ್ರ ಕೇಳಿಯೇ ತಿನ್ನಿ: ಆಲೂಗಡ್ಡೆ, ಚೀಸ್ ಕಂಡು ಮೋಸಹೋಗಬೇಡಿ, ಮೇಲೆ ಸುರಿಯುವ ಗ್ರೇವಿ ಸಾಮಾನ್ಯವಾಗಿ ಮಾಂಸದ್ದೇ.

ಹಂತ 5: ಊರಿಂದೂರಿಗೆ

*ಟೊರಾಂಟೊ.* ಸ್ಕೋಷಿಯಾಬ್ಯಾಂಕ್ ಅರೀನಾ 1999ರಲ್ಲಿ ತೆರೆಯಿತು, ಯೂನಿಯನ್ ಸ್ಟೇಷನ್‌ಗೆ ಒಳದಾರಿಯಲ್ಲೇ ಜೋಡಿಕೊಂಡಿದೆ. ಪಂದ್ಯದ ಟಿಕೆಟ್ ಸಿಗದಿದ್ದರೂ ಈ ಊರಿನಲ್ಲಿ ನೋಡಬೇಕಾದ ಎರಡು ಜಾಗಗಳಿವೆ. ಸ್ಟೇಷನ್‌ನಿಂದ ಕೂಗಳತೆ ದೂರದಲ್ಲಿ ಹಾಕಿ ಹಾಲ್ ಆಫ್ ಫೇಮ್. 1885ರ ಹಳೆಯ ಬ್ಯಾಂಕ್ ಕಟ್ಟಡದ ತಿಜೋರಿಯಲ್ಲಿ ಲಾರ್ಡ್ ಸ್ಟ್ಯಾನ್ಲಿ ಕೊಟ್ಟ, ಸ್ಟ್ಯಾನ್ಲಿ ಕಪ್‌ನ ಮೂಲ ಬೆಳ್ಳಿ ಬಟ್ಟಲು ಇದೆ. ಇನ್ನೊಂದು ಮೇಪಲ್ ಲೀಫ್ ಗಾರ್ಡನ್ಸ್, 1931ರ ಅಂಗಣ. ಲೀಫ್ಸ್ ಕೊನೆಯದಾಗಿ ಕಪ್ ಗೆದ್ದ 1967ರಲ್ಲಿ ಅವರ ಮನೆ ಇದೇ ಆಗಿತ್ತು. ಈಗ ಕೆಳಗೆ ದಿನಸಿಯ ಸೂಪರ್ ಮಾರ್ಕೆಟ್, ಮೇಲೆ ವಿಶ್ವವಿದ್ಯಾಲಯದ ರಿಂಕ್. ತರಕಾರಿ, ಡಬ್ಬಿಗಳ ಸಾಲುಗಳ ನಡುವೆ ನೆಲದಲ್ಲೊಂದು ಕೆಂಪು ಚುಕ್ಕೆ ಇದೆ. ಹಳೆಯ ರಿಂಕ್‌ನ ನಟ್ಟನಡು ಅದು. ಜನ ತಳ್ಳುಗಾಡಿ ನೂಕಿಕೊಂಡು ಅದರ ಮೇಲೆಯೇ ಹಾದುಹೋಗುತ್ತಾರೆ. ವೃತ್ತಿಪರ ಮಹಿಳಾ ಲೀಗ್ ಪಿಡಬ್ಲ್ಯುಎಚ್‌ಎಲ್‌ನ ಮೊತ್ತಮೊದಲ ಪಂದ್ಯ 2024ರ ಜನವರಿ 1ರಂದು ನಡೆದದ್ದು ಇದೇ ಕಟ್ಟಡದ ಮೇಲಿನ ರಿಂಕ್‌ನಲ್ಲಿ.

*ಕಿಂಗ್‌ಸ್ಟನ್.* ಇದನ್ನು ಬಿಡಲೇಬೇಡಿ ಎಂದು ಕೇಳಿಕೊಳ್ಳುತ್ತೇನೆ. ಫ್ರಂಟೆನಾಕ್ಸ್ ಇಲ್ಲಿನ ತಂಡ, ಆಡುವುದು ಒಂಟಾರಿಯೊ ಹಾಕಿ ಲೀಗ್‌ನಲ್ಲಿ; ಆಟಗಾರರು ಹದಿನಾರರಿಂದ ಇಪ್ಪತ್ತರ ವಯಸ್ಸಿನ ಹುಡುಗರು. ಸ್ಲಶ್ ಪಪ್ಪಿ ಪ್ಲೇಸ್ ಎಂಬ ಅಂಗಣದಲ್ಲಿ ಐದು ಸಾವಿರ ಚಿಲ್ಲರೆ ಜನ ಹಿಡಿಸುತ್ತಾರೆ. ಎನ್‌ಎಚ್‌ಎಲ್ ಟಿಕೆಟ್‌ಗೆ ಹೋಲಿಸಿದರೆ ಇಲ್ಲಿಯ ದರ ಏನೇನೂ ಅಲ್ಲ, ಗಾಜಿನಿಂದ ಐದಾರು ಸಾಲು ಹಿಂದೆಯೇ ಕೂರಬಹುದು. ದೊಡ್ಡ ಅಂಗಣದ ಅಬ್ಬರದ ಸಂಗೀತದಲ್ಲಿ ಕೇಳಿಸದ್ದೆಲ್ಲ ಇಲ್ಲಿ ಕೇಳಿಸುತ್ತದೆ: ಸ್ಕೇಟಿನ ಅಲಗು ಮಂಜುಗಡ್ಡೆ ಕೊರೆಯುವ ಕರ್ರೆಂಬ ಸದ್ದು, ಪಕ್ ಬೋರ್ಡಿಗೆ ಬಡಿದ ಏಟು, ಪಕ್ ಬೇಕೆಂದು ಆಟಗಾರ ಕೋಲಿನಿಂದ ನೆಲ ಕುಟ್ಟುವುದು, ಕೋಚ್ ಹೆಸರು ಹಿಡಿದು ಕೂಗುವುದು. ಮೇಲಿನ ಸಾಲುಗಳಲ್ಲಿ ಪುಸ್ತಕ ಹಿಡಿದು ಬರೆದುಕೊಳ್ಳುತ್ತಿರುವವರು ಕಂಡರೆ ಅವರು ಎನ್‌ಎಚ್‌ಎಲ್ ತಂಡಗಳಿಗೆ ಹೊಸ ಆಟಗಾರರನ್ನು ಹುಡುಕುವ ಸ್ಕೌಟ್‌ಗಳಿರಬಹುದು. ಹದಿನೇಳರ ಹುಡುಗನ ಮುಂದಿನ ಬದುಕು ಆ ಟಿಪ್ಪಣಿಗಳ ಮೇಲಿದೆ. ಅವನು ಪಕ್ ಕಳೆದುಕೊಂಡು ಜೀವ ಬಿಟ್ಟು ಹಿಂದಕ್ಕೆ ಓಡಿ ಬರುವುದನ್ನು ಇಷ್ಟು ಹತ್ತಿರದಿಂದ ನೋಡಿದವರಿಗೆ ದೊಡ್ಡ ಅಂಗಣದ ತಾರೆಯರು ಬೇರೆಯೇ ಆಗಿ ಕಾಣುತ್ತಾರೆ. ರೈಲು ನಿಲ್ದಾಣ ಪೇಟೆಯಿಂದ ದೂರವಿದೆ, ಬಸ್ಸು ಅಥವಾ ಟ್ಯಾಕ್ಸಿ ಹಿಡಿಯಿರಿ. ಅಂಗಣ ಇರುವುದು ಪೇಟೆಯಲ್ಲೇ, ಸರೋವರದ ಹತ್ತಿರ.

*ಮಾಂಟ್ರಿಯಲ್.* ಬೆಲ್ ಸೆಂಟರ್ 1996ರದು. ಇಪ್ಪತ್ತೊಂದು ಸಾವಿರದ ಆಸುಪಾಸು ಜನ ಸೇರುವ, ಎನ್‌ಎಚ್‌ಎಲ್‌ನ ಅತಿ ದೊಡ್ಡ ಅಂಗಣ. ಕೆನೇಡಿಯನ್ಸ್ 24 ಸಲ ಸ್ಟ್ಯಾನ್ಲಿ ಕಪ್ ಗೆದ್ದಿದ್ದಾರೆ, ಇನ್ನಾವ ತಂಡವೂ ಅಷ್ಟು ಗೆದ್ದಿಲ್ಲ. ಆ ಪತಾಕೆಗಳೆಲ್ಲ ಛಾವಣಿಯಲ್ಲಿ ತೂಗುತ್ತಿರುತ್ತವೆ. ಕೊನೆಯದು 1993ರದು ಎಂಬ ಕೊರಗು ಊರಿಗೆಲ್ಲ ಇದೆ. ಪ್ರಕಟಣೆಗಳು ಫ್ರೆಂಚ್‌ನಲ್ಲಿ ಮೊದಲು, ಇಂಗ್ಲಿಷ್‌ನಲ್ಲಿ ಆಮೇಲೆ. ಇಲ್ಲಿಯ ಜನ ಆಟ ಬಲ್ಲವರು. ಗೋಲಿಗಷ್ಟೇ ಅಲ್ಲ, ಪೆನಾಲ್ಟಿಯಿಂದ ನಾಲ್ವರೇ ಉಳಿದಾಗ ಒಬ್ಬ ಆಟಗಾರ ಮೈಯೊಡ್ಡಿ ಹೊಡೆತ ತಡೆದರೆ ಅದಕ್ಕೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಅಕ್ಕಪಕ್ಕದವರನ್ನು ಮಾತಿಗೆಳೆಯಿರಿ, ಸಂತೋಷದಿಂದ ವಿವರಿಸುತ್ತಾರೆ.

ಸೆಂಟ್ರಲ್ ಸ್ಟೇಷನ್‌ನಿಂದ ನೆಲದಡಿಯ ದಾರಿಯಲ್ಲಿ ನಡೆದೇ ಅಂಗಣದ ಕಡೆ ಹೋಗಬಹುದು, ಮೆಟ್ರೊ ಆದರೆ ಲೂಸಿಯನ್ ಲಾಲಿಯೆ ಅಥವಾ ಬೊನಾವೆಂಚರ್ ನಿಲ್ದಾಣ. ಹತ್ತಿರದ ಡ್ರಮಂಡ್ ಮತ್ತು ಸ್ಟ್ಯಾನ್ಲಿ ಬೀದಿಗಳ ನಡುವೆ ಒಮ್ಮೆ ನಡೆದಾಡಿ ಬನ್ನಿ. 1875ರ ಮಾರ್ಚ್ 3ರಂದು, ಸೂರಿನಡಿ ಆಡಿದ ಮೊದಲ ಹಾಕಿ ಪಂದ್ಯವೆಂದು ದಾಖಲಾದದ್ದು ಅಲ್ಲಿದ್ದ ವಿಕ್ಟೋರಿಯಾ ಸ್ಕೇಟಿಂಗ್ ರಿಂಕ್‌ನಲ್ಲಿ ನಡೆಯಿತು. ಈಗ ರಿಂಕ್ ಇಲ್ಲ.

ಬೆಲ್ ಸೆಂಟರ್‌ನ ಟಿಕೆಟ್ ಎಟುಕದಿದ್ದರೆ ಮೆಟ್ರೊದ ಕಿತ್ತಳೆ ಮಾರ್ಗದ ಕೊನೆಯ ನಿಲ್ದಾಣ ಮಾಂಟ್‌ಮೊರೆನ್ಸಿಯಲ್ಲಿ ಇಳಿದು ಪ್ಲಾಸ್ ಬೆಲ್‌ಗೆ ಹೋಗಿ. ಕೆನೇಡಿಯನ್ಸ್‌ನ ಎರಡನೇ ದರ್ಜೆಯ ತಂಡ ಲಾವಾಲ್ ರಾಕೆಟ್ ಮತ್ತು ಪಿಡಬ್ಲ್ಯುಎಚ್‌ಎಲ್‌ನ ಮಾಂಟ್ರಿಯಲ್ ತಂಡ ವಿಕ್ಟ್ವಾರ್ ಆಡುವುದು ಅಲ್ಲಿ. ಮಹಿಳೆಯರ ಪಂದ್ಯವನ್ನು ಬದಲಿ ವ್ಯವಸ್ಥೆ ಎಂದು ತಿಳಿಯಬೇಡಿ. 2024ರ ಏಪ್ರಿಲ್‌ನಲ್ಲಿ ಮಾಂಟ್ರಿಯಲ್–ಟೊರಾಂಟೊ ಮಹಿಳಾ ಪಂದ್ಯವನ್ನು ಬೆಲ್ ಸೆಂಟರ್‌ಗೆ ತಂದಾಗ 21,105 ಮಂದಿ ಬಂದು ಅಂಗಣ ಭರ್ತಿಯಾಯಿತು. ಲಡಾಖಿನ ಹುಡುಗಿಯರೇ ಹೆಚ್ಚಿರುವ ನಮ್ಮ ಭಾರತ ತಂಡ 2025ರಲ್ಲಿ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿದೆ. ಹೆಣ್ಣುಮಕ್ಕಳಿರುವ ಮನೆಯವರು ಮೊದಲ ಪಂದ್ಯಕ್ಕೆ ಇಲ್ಲಿಗೇ ಬರಲಿ ಎಂಬುದು ನನ್ನ ಆಸೆ.

*ಒಟ್ಟಾವ.* ಇಲ್ಲಿನ ಎನ್‌ಎಚ್‌ಎಲ್ ತಂಡ ಸೆನೆಟರ್ಸ್ ಆಡುವ ಕೆನೇಡಿಯನ್ ಟೈರ್ ಸೆಂಟರ್ ಪೇಟೆಯಿಂದ ಇಪ್ಪತ್ತು ಕಿಲೋಮೀಟರ್‌ಗೂ ಆಚೆ, ಕನಾಟಾದಲ್ಲಿದೆ. ಲೀಫ್ಸ್ ಬಂದ ದಿನ ಅಂಗಣದ ಅರ್ಧ ನೀಲಿ ಜರ್ಸಿಯೇ. ತವರಿನಲ್ಲಿ ಟಿಕೆಟ್ ಸಿಗದ ಟೊರಾಂಟೊದವರು ಇಲ್ಲಿಗೆ ದಂಡು ಕಟ್ಟಿಕೊಂಡು ಬರುತ್ತಾರೆ. ಪ್ರವಾಸಿ ಅಭಿಮಾನಿಗಳೆಂದರೆ ಯಾರು ಎಂದು ನೋಡಬೇಕಿದ್ದರೆ ಅದೇ ಸರಿಯಾದ ದಿನ. ಪೇಟೆಗೆ ಹತ್ತಿರದ್ದು ಬೇಕೆಂದರೆ ಕಿರಿಯರ ತಂಡ ಒಟ್ಟಾವ 67ಸ್ ಆಡುವ ಟಿಡಿ ಪ್ಲೇಸ್ ಇದೆ. ಫುಟ್‌ಬಾಲ್ ಮೈದಾನದ ಪ್ರೇಕ್ಷಕರ ಮೆಟ್ಟಿಲುಗಳ ಕೆಳಗೇ ಕಟ್ಟಿದ ಅಂಗಣ ಅದು.

ಹಂತ 6: ಒಳಗೆ ಹೋದ ಮೇಲೆ

ಮುಕ್ಕಾಲು ಗಂಟೆ ಮೊದಲೇ ಒಳಗಿರಿ. ಪಂದ್ಯಕ್ಕೆ ಅರ್ಧ ಗಂಟೆ ಇರುವಾಗ ಆಟಗಾರರು ವಾರ್ಮ್ ಅಪ್‌ಗೆ ಇಳಿಯುತ್ತಾರೆ. ಮೇಲಿನ ಟಿಕೆಟ್ ಇದ್ದವರಿಗೂ ಆ ಹೊತ್ತು ಗಾಜಿನ ಹತ್ತಿರ ಹೋಗಲು ಹಲವು ಅಂಗಣಗಳಲ್ಲಿ ಬಿಡುತ್ತಾರೆ. ಮಕ್ಕಳನ್ನು ಮುಂದೆ ನಿಲ್ಲಿಸಿ, ಆಟಗಾರರು ಗಾಜಿನ ಮೇಲಿಂದ ಪಕ್ ಎಸೆದು ಕೊಡುವುದುಂಟು.

ಆಟ ನಡೆಯುವಾಗ ಕುರ್ಚಿ ಬಿಟ್ಟು ಏಳುವುದಾಗಲಿ, ಮೆಟ್ಟಿಲಿಳಿದು ಬರುವುದಾಗಲಿ ಸಲ್ಲದು. ಸೀಟಿ ಊದುವವರೆಗೂ ಸಿಬ್ಬಂದಿ ಮೇಲೆಯೇ ನಿಲ್ಲಿಸುತ್ತಾರೆ. ರಾಷ್ಟ್ರಗೀತೆಗೆ ಟೋಪಿ ತೆಗೆದು ನಿಲ್ಲಿ. ಅಮೆರಿಕದ ತಂಡ ಬಂದಿದ್ದರೆ ಎರಡು ಗೀತೆಗಳಿರುತ್ತವೆ. ತವರಿನ ಆಟಗಾರ ಮೂರು ಗೋಲು ಹೊಡೆದರೆ ಸುತ್ತಲಿನವರು ಟೋಪಿಗಳನ್ನು ರಿಂಕ್‌ಗೆ ಎಸೆಯುತ್ತಾರೆ, ಗಾಬರಿಯಾಗಬೇಡಿ. ಎದುರಾಳಿ ತಂಡದ ಜರ್ಸಿ ತೊಟ್ಟು ಹೋದರೂ ತೊಂದರೆಯಿಲ್ಲ, ಕೀಟಲೆ ಮಾತು ಬಂದರೆ ನಗುತ್ತಾ ತಿರುಗಿ ಹೇಳಿ.

ವಿರಾಮ 18 ನಿಮಿಷ. ಒಂದು ವಿರಾಮದಲ್ಲಾದರೂ ಕುರ್ಚಿ ಬಿಡದೆ ಝಾಂಬೋನಿ ಯಂತ್ರವನ್ನು ನೋಡಿ. ಗೀರು ಬಿದ್ದ ಮೇಲ್ಪದರವನ್ನು ಹೆರೆದು, ಹಿಂದಿನಿಂದ ಬಿಸಿನೀರು ಹಾಸುತ್ತಾ ಹೋಗುತ್ತದೆ. ಬಿಸಿನೀರು ಹಳೆಯ ಗೀರುಗಳ ಅಂಚನ್ನು ಕರಗಿಸಿ ಹೊಸ ಪದರವನ್ನು ಒಂದಾಗಿಸುತ್ತದೆ.

ಹಂತ 7: ವಾಪಸ್ ಬರುವುದು

ಲೀಗ್ ಹಂತದ ಪಂದ್ಯ ಸಮಬಲವಾದರೆ ಐದು ನಿಮಿಷದ ಹೆಚ್ಚುವರಿ ಆಟ, ಆಮೇಲೆ ಶೂಟೌಟ್ ಇದೆ. ಹಾಗಾಗಿ ಏಳು ಗಂಟೆಯ ಪಂದ್ಯ ಹತ್ತರವರೆಗೂ ಹೋಗಬಹುದು ಎಂದೇ ಲೆಕ್ಕ ಹಾಕಿ. ಆ ರಾತ್ರಿ ಊರು ಬಿಡುವ ರೈಲು ನಂಬಬೇಡಿ, ಅಲ್ಲೇ ತಂಗಿ. ಮಾಂಟ್ರಿಯಲ್‌ನಲ್ಲಿ ಮೆಟ್ರೊ ಹತ್ತಿರ ಹೋಟೆಲ್ ಇದ್ದರೆ ಸಾಕು. ಒಟ್ಟಾವದಲ್ಲಿ ಮಾತ್ರ ಎಚ್ಚರ: ಕನಾಟಾದಿಂದ ಪೇಟೆಗೆ ಬಿಡುವ ಪಂದ್ಯದ ದಿನದ ವಿಶೇಷ ಬಸ್ಸುಗಳು ಎಲ್ಲಿ ನಿಲ್ಲುತ್ತವೆ ಎಂಬುದನ್ನು ಒಳಗೆ ಹೋಗುವ ಮೊದಲೇ ನೋಡಿಟ್ಟುಕೊಳ್ಳಿ, ಏಕೆಂದರೆ ಎಲ್ಲರೂ ಒಮ್ಮೆಗೇ ಹೊರಬಿದ್ದಾಗ ಆ ವಿಶಾಲ ಪಾರ್ಕಿಂಗ್ ಜಾಗದಲ್ಲಿ ಟ್ಯಾಕ್ಸಿ ಸಿಗಲು ಬಹಳ ಹೊತ್ತು ಹಿಡಿಯುತ್ತದೆ.