ಫಾರಂ 19 ಹಿಡಿದು ನಮ್ಮ ಅಧ್ಯಕ್ಷರನ್ನು ಪರಿಷತ್ತಿಗೆ ಕಳಿಸಿದ್ದು

ದುಡ್ಡಿಲ್ಲದೆ ಶಿಕ್ಷಕರ ಕ್ಷೇತ್ರ ಗೆಲ್ಲೋಕಾಗಲ್ಲ ಅಂತ ನಮಗೆ ಹೇಳದವರೇ ಇರಲಿಲ್ಲ. ನಮ್ಮ ಶಿಕ್ಷಕರ ಸಂಘದ ಹಿರಿಯರೂ ಅದನ್ನೇ ಹೇಳಿದರು. ಈಗ ನಮ್ಮ ಅಧ್ಯಕ್ಷರು ವಿಧಾನ ಪರಿಷತ್ ಸದಸ್ಯರು. ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಗಣಿತ ಪಾಠ ಮಾಡಿದವರು, ಸರ್ವಿಸ್ ಇನ್ನೂ ಐದಾರು ವರ್ಷ ಇರುವಾಗಲೇ ಸ್ವಯಂ ನಿವೃತ್ತಿ ತೆಗೆದುಕೊಂಡು ನಿಂತವರು. ನಾನು ಅನುದಾನಿತ ಶಾಲೆಯಿಂದ ನಿವೃತ್ತನಾದವನು. ಒಂದು ತಾಲ್ಲೂಕಿನ ಹೊಣೆ ನನ್ನದಾಗಿತ್ತು. ಅಲ್ಲಿ ಮಾಡಿದ್ದನ್ನು ಬರೆಯುತ್ತೇನೆ.

ಸಂಘದಿಂದ ಪರಿಷತ್ತಿಗೆ ಹೋಗುವ ದಾರಿ ಹೊಸದೇನಲ್ಲ. ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಕರಾಗಿದ್ದ ಬಸವರಾಜ ಹೊರಟ್ಟಿ 1980ರಲ್ಲಿ ಮೊದಲ ಸಲ ಗೆದ್ದರು, 2022ರಲ್ಲಿ ಎಂಟನೇ ಸಲ. ಆದರೆ ಪರಿಷತ್ತಿನ 75 ಸ್ಥಾನಗಳಲ್ಲಿ ಶಿಕ್ಷಕರ ಪಾಲು 7 ಮಾತ್ರ. ಆ ಏಳಕ್ಕೂ ಶಿಕ್ಷಕರೇ ನಿಲ್ಲಬೇಕು ಅಂತ ಕಾನೂನಿಲ್ಲ. ಮತದಾರ ಶಿಕ್ಷಕನಾಗಿದ್ದರೆ ಸಾಕು, ಅಭ್ಯರ್ಥಿ ಯಾರೂ ಆಗಬಹುದು. ಈ ಚುನಾವಣೆಗೆ ಖರ್ಚಿನ ಮಿತಿಯೂ ಇಲ್ಲ. ಹಿಂದಿನ ಸಲ ನಾವು ಸೋತಿದ್ದು ಅಂಥ ಹಣವಂತರ ಎದುರಿಗೇ. ಆಗ ಸಮಾವೇಶ, ಬ್ಯಾನರ್, ಊಟ ಅಂತ ನಮ್ಮ ತಾಲ್ಲೂಕೊಂದರಲ್ಲೇ ಎರಡು ಲಕ್ಷದ ಹತ್ತಿರ ಹೋಯಿತು. ಊಟಕ್ಕೆ ಬಂದವರಲ್ಲಿ ಎಷ್ಟೋ ಜನರ ಹೆಸರು ಮತದಾರರ ಪಟ್ಟಿಯಲ್ಲೇ ಇರಲಿಲ್ಲ.

ಈ ಸಲ ನಾನು ಹೇಳಿದ್ದು ಒಂದೇ ಮಾತು: ಪ್ರಚಾರ ಆಮೇಲೆ, ಮೊದಲು ಪಟ್ಟಿ. ಈ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ಆಗುತ್ತದೆ. ಕಳೆದ ಸಲ ವೋಟು ಹಾಕಿದವರೂ ಮತ್ತೆ ಫಾರಂ 19, ಅಂದರೆ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ, ಕೊಡಬೇಕು. ಅರ್ಧಕ್ಕರ್ಧ ಮೇಷ್ಟ್ರುಗಳು "ನನ್ನ ಹೆಸರು ಇದೆಯಲ್ಲ" ಅಂತ ಸುಮ್ನೆ ಇದ್ದುಬಿಡುತ್ತಾರೆ.

ಅಕ್ಟೋಬರ್‌ನಲ್ಲೇ ಒಂದು ಉದ್ದ ರಿಜಿಸ್ಟರ್ ತಂದು ಶಾಲೆಗೊಂದು ಪುಟ ಹಾಕಿದೆ. ಹೈಸ್ಕೂಲು, ಪಿಯು, ಡಿಗ್ರಿ ಕಾಲೇಜು ಸೇರಿ ಎಪ್ಪತ್ತರ ಮೇಲೆ ಪುಟ. ಸರ್ಕಾರಿ ನೌಕರರು ಚುನಾವಣೆ ಕೆಲಸಕ್ಕೆ ಇಳಿಯುವಂತಿಲ್ಲ, ಹಾಗಾಗಿ ಓಡಾಡಿದವರು ನಾವು ನಾಲ್ಕೈದು ಜನ ನಿವೃತ್ತರು. ಶನಿವಾರ ಬೆಳಗಿನ ತರಗತಿ ಬಿಡುವ ಹೊತ್ತಿಗೆ ಶಾಲೆ ಮುಟ್ಟಬೇಕು. ಉಳಿದ ದಿನ ಹೋದರೆ ಒಬ್ಬರು ಸಿಕ್ಕರೆ ಇನ್ನೊಬ್ಬರು ಕ್ಲಾಸಿನಲ್ಲಿ.

ಮೊದಲ ಕಂತಿನಲ್ಲಿ ಪೆಟ್ಟು ಬಿತ್ತು. ಇನ್ನೂರರಷ್ಟು ಅರ್ಜಿ ಒಟ್ಟುಗೂಡಿಸಿ ನಮ್ಮ ಹುಡುಗರು ತಾಲ್ಲೂಕು ಕಚೇರಿಗೆ ಒಯ್ದರು. ತೆಗೆದುಕೊಳ್ಳಲಿಲ್ಲ. ಹೊರಗಿನವರು ಕಟ್ಟುಗಟ್ಟಲೆ ತಂದರೆ ತೆಗೆದುಕೊಳ್ಳುವಂತಿಲ್ಲ, ಆದರೆ ಸಂಸ್ಥೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿಯದನ್ನು ಒಟ್ಟಿಗೆ ಕೊಡಬಹುದು. ಎಲ್ಲವನ್ನೂ ಮತ್ತೆ ಶಾಲೆವಾರು ವಿಂಗಡಿಸಿ ಹೆಚ್‌ಎಂಗಳ ಕೈಯಿಂದಲೇ ಕೊಡಿಸಿದೆವು. ಸೇವಾ ಪ್ರಮಾಣಪತ್ರಕ್ಕೆ ಸೀಲಿಲ್ಲ ಅಂತ ಇನ್ನೊಂದಷ್ಟು ವಾಪಸ್ ಬಂದವು. ಒಂದು ಅನುದಾನರಹಿತ ಶಾಲೆಯ ಆಡಳಿತ ಮಂಡಳಿ ಪ್ರಮಾಣಪತ್ರ ಕೊಡಲೇ ಇಲ್ಲ. ಅಲ್ಲಿನ ಹನ್ನೆರಡು ಹದಿಮೂರು ಜನ ಶಿಕ್ಷಕರ ವೋಟು ಹಾಗೇ ಹೋಯಿತು. ತಿಂಗಳಿಗೆ ಹತ್ತು ಹನ್ನೆರಡು ಸಾವಿರಕ್ಕೆ ದುಡಿಯುವವರು ಅವರು, ಪರಿಷತ್ತಿನಲ್ಲಿ ದನಿ ಬೇಕಾಗಿದ್ದೇ ಅಂಥವರಿಗೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಲಾಭ ಆಗಿದ್ದು ನಿವೃತ್ತರಿಂದ. ನವೆಂಬರ್ 1ಕ್ಕೆ ಹಿಂದಿನ 6 ವರ್ಷಗಳಲ್ಲಿ ಒಟ್ಟು 3 ವರ್ಷ ಪಾಠ ಮಾಡಿರಬೇಕು ಅನ್ನುವುದಷ್ಟೇ ನಿಯಮ. ಅಂದರೆ ರಿಟೈರ್ ಆಗಿ ಎರಡು ವರ್ಷ ಆದವರಿಗೂ ವೋಟಿದೆ ಅಲ್ವಾ! ಇದನ್ನು ಎದುರಾಳಿಗಳು ಯಾರೂ ಹಿಡಿದಿರಲಿಲ್ಲ. ಬೀಳ್ಕೊಡುಗೆ ಫೋಟೋಗಳನ್ನು ನೋಡಿ ಹೆಸರು ಹುಡುಕಿದೆ. ಮನೆಯಲ್ಲಿ ಕೂತಿದ್ದವರನ್ನು ಕೇಳಿಕೊಂಡು ಹೋದರೆ ಅವರಿಗೆ ಎಷ್ಟು ಖುಷಿ! ಐವತ್ತು ಅರವತ್ತು ವೋಟು ಹೀಗೇ ಬಂದವು. ವರ್ಗವಾಗಿ ಬೇರೆ ಕಡೆ ಹೋದವರನ್ನು ಹುಡುಕಲು ಇನ್ನೊಂದು ಉಪಾಯ ಮಾಡಿದೆ. ಅದನ್ನು ಇಲ್ಲಿ ಬರೆಯಲ್ಲ, ಮುಂದಿನ ಸಲಕ್ಕೂ ಬೇಕು.

ಕಳೆದ ಸಲ ಆರುನೂರು ಚಿಲ್ಲರೆ ಇದ್ದ ನಮ್ಮ ತಾಲ್ಲೂಕಿನ ಪಟ್ಟಿ ಈ ಸಲ ಒಂಬೈನೂರು ದಾಟಿತು. ಖರ್ಚು ಜೆರಾಕ್ಸ್, ಪೆಟ್ರೋಲ್, ಟೀ ಎಲ್ಲ ಸೇರಿ ನಲವತ್ತೈದು ಸಾವಿರದ ಆಸುಪಾಸು. ಅದೂ ಸದಸ್ಯರು ಐನೂರು, ಸಾವಿರ ಅಂತ ಕೊಟ್ಟಿದ್ದು. ಠೇವಣಿಯ 10,000 ರೂಪಾಯಿಯನ್ನೂ ನಿವೃತ್ತರೇ ಸೇರಿಸಿ ಕಟ್ಟಿದೆವು.

ಈ ಚುನಾವಣೆಯಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ ಇಷ್ಟದ ಕ್ರಮದಲ್ಲಿ 1, 2, 3 ಅಂತ ಪ್ರಾಶಸ್ತ್ಯ ಬರೆಯಬೇಕು. ಅದಕ್ಕೇ ನಡುವೆ ಒಂದು ಪ್ರಯೋಗ ಮಾಡಿದೆ. ಹಣ್ಣಿನ ಹೆಸರು ಹಾಕಿದ ಸುಳ್ಳು ಮತಪತ್ರ ಮುದ್ರಿಸಿ, ನೇರಳೆ ಬಣ್ಣದ ಸ್ಕೆಚ್ ಪೆನ್ ಕೊಟ್ಟು, ಸಂಘದ ಸಭೆಯಲ್ಲಿ ವೋಟು ಹಾಕಿಸಿದೆ. ನಲವತ್ತರಲ್ಲಿ ಆರೇಳು ತಿರಸ್ಕೃತ! ಒಬ್ಬ ವಿಜ್ಞಾನದ ಮೇಡಂ ಮಾವಿನಹಣ್ಣಿನ ಮುಂದೆ ಚೆಂದವಾಗಿ ರೈಟ್ ಮಾರ್ಕ್ ಹಾಕಿದ್ದರು, ದಿನಾ ಉತ್ತರಪತ್ರಿಕೆ ತಿದ್ದುವ ಕೈ. ಇನ್ನೊಬ್ಬರು "ಒಂದು" ಅಂತ ಅಕ್ಷರದಲ್ಲಿ ಬರೆದರು. ಕನ್ನಡದ ಸರ್ ಕೆಳಗೆ ಸಹಿ ಹಾಕಿ ಮಡಚಿದರು. ಅಂಕಿಯಲ್ಲಿ 1 ಬರೆಯದಿದ್ದರೆ ಏನೂ ಲೆಕ್ಕಕ್ಕಿಲ್ಲ. ಅವತ್ತಿನಿಂದ ಆ ಸುಳ್ಳು ಮತಪತ್ರ ನಮ್ಮ ಚೀಲದಲ್ಲೇ ಇರುತ್ತಿತ್ತು. ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸುವುದನ್ನೂ ಮಾಡಿ ನೋಡಿದೆವು, ಯಾರೂ ಪೂರ್ತಿ ಕೇಳಲಿಲ್ಲ. ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನ ಕೇಂದ್ರದ ಹೊರಗಿನ ಟೀ ಅಂಗಡಿ ಅದಕ್ಕಿಂತ ಹತ್ತು ಪಾಲು ಮೇಲು. ಬೇರೆ ಬೇರೆ ಶಾಲೆಯವರು ಸಂಜೆ ಅಲ್ಲೇ ಸಿಗುತ್ತಾರೆ.

ಬೇರೆಯವರಿಗೆ ಮಾತು ಕೊಟ್ಟಿದ್ದೇವೆ ಅಂದವರ ಹತ್ತಿರ ನಾವು ವಾದ ಮಾಡಲಿಲ್ಲ. "ಆಯ್ತು ಸರ್, 1 ಅವರಿಗೇ ಕೊಡಿ, 2 ನಮಗಿರಲಿ" ಅಂದೆವು. ಸಂಘದವರೇ ಇದಕ್ಕೆ ಬೈದರು, ಸೋಲು ಒಪ್ಪಿಕೊಂಡ ಹಾಗೆ ಅಂತ. ಎಣಿಕೆಯಲ್ಲಿ ಮೊದಲ ಪ್ರಾಶಸ್ತ್ಯದಲ್ಲಿ ಯಾರಿಗೂ ಅರ್ಧಕ್ಕಿಂತ ಒಂದು ಹೆಚ್ಚು ಸಿಗಲಿಲ್ಲ. ನಮ್ಮವರು ಇನ್ನೂರರಷ್ಟು ಹಿಂದಿದ್ದರು. ಕೊನೆಯಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ಕೈಬಿಡುತ್ತಾ ಹೋದ ಹಾಗೆ ಅವರ ಕಟ್ಟಿನಿಂದ ನಮಗೆ 2 ಬರತೊಡಗಿತು. ಮಧ್ಯರಾತ್ರಿ ಕಳೆದ ಮೇಲೆ ಮುಂದೆ ಹೋದರು. ಎಲ್ಲ ಪೆಟ್ಟಿಗೆಯ ಮತ ಬೆರೆಸಿ ಎಣಿಸುವುದರಿಂದ ನಮ್ಮ ತಾಲ್ಲೂಕಿನಿಂದ ಎಷ್ಟು ಬಂತು ಅಂತ ಯಾರೂ ಹೇಳಲಾರರು. ಆದರೂ ಹೆಚ್ಚು ಹೆಸರು ಸೇರಿಸಿದ ತಾಲ್ಲೂಕು ನಮ್ಮದೇ, ಇದನ್ನು ಅಧ್ಯಕ್ಷರೇ ಎಲ್ಲರೆದುರು ಹೇಳಿದ್ದಾರೆ.

ಈಗ ನಮ್ಮ ಕೆಲಸ ಅವರ ಬೆನ್ನು ಬಿಡದಿರುವುದು. 1995ರ ನಂತರ ಶುರುವಾದ ಶಾಲೆಗಳಿಗೆ ಅನುದಾನ, 2006ರ ಏಪ್ರಿಲ್ ನಂತರ ಸೇರಿದವರಿಗೆ ಹಳೇ ಪಿಂಚಣಿ, ಇವೆರಡನ್ನು ಬರೆದು ಕೊಟ್ಟಿದ್ದೇವೆ. ಪ್ರತಿ ಅಧಿವೇಶನಕ್ಕೆ ಮುಂಚೆ ನಾವು ಕೂತು ಪ್ರಶ್ನೆ ತಯಾರು ಮಾಡಿ ಕಳಿಸುತ್ತೇವೆ. ರಿಜಿಸ್ಟರನ್ನೂ ಮುಚ್ಚಿಟ್ಟಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರ ತಾರೀಕು ಬರೆದಿಡುತ್ತಿದ್ದೇನೆ, ಮುಂದಿನ ಪಟ್ಟಿಗೆ ಅವರ 3 ವರ್ಷ ತುಂಬಿರುತ್ತದೆ.