ಚಿಲಕ, ಗಡಿಗೆ, ಲಾವಂಚ

ನಾನು ಕುಮಟಾ ಕಡೆಯವಳು. ಸಿಂಧನೂರು ತಾಲೂಕಿನ ಪ್ರೌಢಶಾಲೆಯೊಂದಕ್ಕೆ ವಿಜ್ಞಾನ ಶಿಕ್ಷಕಿಯಾಗಿ ಬಂದು ಹನ್ನೊಂದು ವರ್ಷವಾಯಿತು. ಬಂದ ಎರಡನೇ ಬೇಸಿಗೆಯಲ್ಲಿ ಉರಿಮೂತ್ರ ಹತ್ತಿಕೊಂಡಿತು. ಮಾತ್ರೆ ನುಂಗಿದರೆ ವಾಸಿ, ಎರಡು ತಿಂಗಳಾದರೆ ಮತ್ತೆ. ಮೂರನೇ ಸಲ ಹೋದಾಗ ಡಾಕ್ಟರಮ್ಮ ಚೀಟಿ ಬರೆಯುವ ಮೊದಲು ಕೇಳಿದರು: "ಮನೆ ಬಿಟ್ಟಮೇಲೆ ಎಷ್ಟು ನೀರು ಕುಡೀತೀರಿ?" ಲೆಕ್ಕ ಹಾಕಿದೆ. ಮಧ್ಯಾಹ್ನ ಊಟಕ್ಕೆ ಒಂದು ಲೋಟ, ಅದೂ ಅರ್ಧ.

ಬಾಯಾರುತ್ತಿರಲಿಲ್ಲವೆಂದಲ್ಲ. ನಮ್ಮ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ. ಅಲ್ಲಿಗೆ ಹೋಗುವುದು ತಪ್ಪಲಿ ಅಂತ ನೀರನ್ನೇ ಬಿಟ್ಟಿದ್ದೆ. ಉಳಿದ ಶಿಕ್ಷಕಿಯರೂ ಹಾಗೇ ಮಾಡುತ್ತಿದ್ದರು, ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ ಅಷ್ಟೆ. ನಾಲ್ವರು ದುಡ್ಡು ಸೇರಿಸಿ ಚಿಲಕ, ಬಕೆಟ್ಟು, ಮಗ್ಗು ತಂದೆವು. ನೀರು ಕುಡಿಯಿರಿ ಎಂದು ಹೆಂಗಸರಿಗೆ ಬುದ್ಧಿ ಹೇಳುವವರು ಮೊದಲು ಈ ಬಾಗಿಲನ್ನು ನೋಡಿ ಬರಬೇಕು.

ಆಮೇಲೆ ರುಚಿಯ ಪ್ರಶ್ನೆ. ನಮ್ಮ ಬೋರ್ ನೀರು ಸವಳು. ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರಿಸುವ ನೀರು ಸಿಹಿಯೇನೋ ಹೌದು, ಆದರೆ ಏಪ್ರಿಲ್‌ನಲ್ಲಿ ಹತ್ತು ಗಂಟೆಗೇ ಬೆಚ್ಚಗಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಸಂತೆಯಿಂದ ನಲ್ಲಿಯಿರುವ ಮಣ್ಣಿನ ಗಡಿಗೆ ತಂದೆ. ತಂದ ಕೂಡಲೇ ನೀರು ತುಂಬಲು ಹೋದಾಗ ಬಿಸಿಯೂಟದ ಅಮ್ಮ ತಡೆದರು: "ಮೇಡಂರೀ, ಒಂದ್ ದಿನ ನೀರಾಗ ಮುಳುಗಿಸಿ ಇಡ್ರಿ. ಸೋಪು ಮಾತ್ರ ಹಚ್ಚಬ್ಯಾಡ್ರಿ, ಮಣ್ಣು ಕುಡಿದು ಬಿಡ್ತದ." ಅವರ ಮಾತು ಸರಿ. ಗಡಿಗೆಯ ಸಣ್ಣ ರಂಧ್ರಗಳಿಂದ ಜಿನುಗುವ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಈ ಕೆಲಸ ನಿಧಾನ. ಇಲ್ಲಿಯ ಒಣ ಬಿಸಿಲಲ್ಲಿ ಬಲು ಜೋರು. ಸವಳು ನೀರು ತುಂಬಿದರೆ ಹೊರಮೈ ಮೇಲೆ ಬಿಳಿ ಉಪ್ಪು ಕೂತು ರಂಧ್ರ ಮುಚ್ಚುತ್ತದೆ. ಹಾಗಾಗಿ ಕುಡಿಯುವ ನೀರನ್ನೇ ತುಂಬುತ್ತೇನೆ, ವಾರಕ್ಕೊಮ್ಮೆ ತೆಂಗಿನ ನಾರಿನಿಂದ ಬರೀ ನೀರಲ್ಲಿ ಉಜ್ಜುತ್ತೇನೆ.

ಊರಿಂದ ಆಯಿ ಲಾವಂಚವೆಂಬ ಪರಿಮಳದ ಹುಲ್ಲಿನ ಬೇರು ಕಳಿಸಿದಳು. ಚೆನ್ನಾಗಿ ತೊಳೆದು, ಹಿಡಿಯಷ್ಟನ್ನು ದಾರದಿಂದ ಕಟ್ಟಿ ಗಡಿಗೆಗೆ ಇಳಿಬಿಟ್ಟೆ. ಮರುದಿನ ಮುಚ್ಚಳ ತೆಗೆದರೆ ಮೊದಲ ಮಳೆ ಬಿದ್ದ ಅಂಗಳದ ವಾಸನೆ. ಅವತ್ತು ಯಾರೂ ಹೇಳದೆ ಎರಡು ಲೋಟ ಕುಡಿದೆ. ಮೂರು ದಿನಕ್ಕೊಮ್ಮೆ ಕಟ್ಟನ್ನು ಬಿಸಿಲಿಗೆ ಹಾಕಿ ಮತ್ತೆ ಬಳಸುತ್ತೇನೆ, ವಾಸನೆ ಹೋದ ಮೇಲೆ ಹೊಸದು. ಮಧ್ಯಾಹ್ನಕ್ಕೆ ಬೇರೆ ರುಚಿ ಬೇಕೆನಿಸಿದರೆ ಒಣ ಮುರುಗಲು (ಪುನರ್ಪುಳಿ) ಸಿಪ್ಪೆ ನೆನೆಸಿ, ಚಿಟಿಕೆ ಉಪ್ಪು ಹಾಕಿದ ಕೆಂಪು ನೀರು. ಇಲ್ಲವೇ ನೀರುಮಜ್ಜಿಗೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿ ದಿನಕ್ಕೆ ಸುಮಾರು 8 ಲೋಟ, ಅಂದರೆ 2 ಲೀಟರ್ ಎನ್ನುತ್ತದೆ. ನಾನು ಲೋಟ ಎಣಿಸುವುದನ್ನು ಬಿಟ್ಟೆ. ಹಲ್ಲುಜ್ಜಿದ ಮೇಲೆ ಒಂದು, ಬಸ್ ಇಳಿದ ಮೇಲೆ ಒಂದು, ಹೀಗೆ ಮಾಡುತ್ತಿದ್ದ ಕೆಲಸಗಳಿಗೇ ಅಂಟಿಸಿದೆ. ಮೂತ್ರ ಒಣಹುಲ್ಲಿನ ತಿಳಿ ಬಣ್ಣಕ್ಕಿದ್ದರೆ ಸಾಕು, ಬಣ್ಣ ಗಾಢವಾದರೆ ಇನ್ನೊಂದು ಲೋಟ. ರಾತ್ರಿ ಎಂಟರ ಮೇಲೆ ಬೇಡ, ನಿದ್ದೆ ಕೆಡುತ್ತದೆ. ಹೃದಯ, ಕಿಡ್ನಿ ತೊಂದರೆಯಿರುವವರು ಮಾತ್ರ ತಮ್ಮ ಡಾಕ್ಟರು ಹೇಳಿದ ಅಳತೆಯನ್ನೇ ಪಾಲಿಸಬೇಕು.

ನೀರು ಕುಡಿಯಲು ಮಕ್ಕಳಿಗೆ ನೆನಪಿಸುವ ಕೇರಳದ ಶಾಲೆಗಳ ನೀರಿನ ಗಂಟೆ 2019ರಲ್ಲಿ ಸುದ್ದಿಯಾಗಿ, ಅದು ನಮ್ಮಲ್ಲಿಗೂ ಬಂತು. ಗಂಟೆ ಹೊಡೆದಾಗ ಮಕ್ಕಳ ಜೊತೆ ನಾನೂ ನಿಂತು ಕುಡಿಯುತ್ತೇನೆ. ಮೊದಮೊದಲು ಹತ್ತನೇ ತರಗತಿಯ ಹುಡುಗಿಯರು ಬಾಟಲಿಯನ್ನು ತುಟಿಗೆ ತಾಕಿಸಿ ಕೆಳಗಿಡುತ್ತಿದ್ದರು. ಕಾರಣ ನನಗೆ ಗೊತ್ತಿತ್ತು. ಅವರ ಶೌಚಾಲಯಕ್ಕೂ ಚಿಲಕ ಹಾಕಿಸಿದ ವಾರದಿಂದ ಗಡಿಗೆ ಮೂರನೇ ಪೀರಿಯಡ್ಡಿಗೇ ಖಾಲಿಯಾಗುತ್ತಿದೆ. ಈಗ ಎರಡನೆಯದನ್ನು ತಂದಿಟ್ಟಿದ್ದೇವೆ.