ಕೊನೆಯ ಗಂಟೆ ಹೊಡೆದ ಮೇಲಿನ ಹದಿನೈದು ನಿಮಿಷ

ಪ್ರೌಢಶಾಲೆಗಳಲ್ಲಿ ರಸ್ತೆ ಸುರಕ್ಷತೆಗೊಂದು ಕಡತ, ಶಿಸ್ತಿಗೊಂದು, ಮಕ್ಕಳ ಮಾನಸಿಕ ಆರೋಗ್ಯಕ್ಕೆ ಮತ್ತೊಂದು ಇರುವುದು ರೂಢಿ. ನಾವು ಮೂರನ್ನೂ ಒಂದೇ ಜಾಗದಲ್ಲಿ, ಅಂದರೆ ಶಾಲೆ ಬಿಟ್ಟ ಮೇಲಿನ ಹದಿನೈದು ನಿಮಿಷ ಗೇಟಿನಲ್ಲಿ ನಿಂತು ನೋಡತೊಡಗಿದೆವು. ನೂಕಾಟ, ಅವಸರ, ಗುಂಪಿನಿಂದ ಹಿಂದುಳಿದ ಮಗು ಎಲ್ಲವೂ ಕಣ್ಣಿಗೆ ಬೀಳುವುದು ಅಲ್ಲೇ.

ಮೊದಲ ಎರಡು ವಾರ ಯಾರಿಗೂ ಏನೂ ಹೇಳಲಿಲ್ಲ, ಬರೀ ಅಳೆದೆವು. ರಸ್ತೆಯಂಚಿನಲ್ಲಿ ಟೇಪು ಹಿಡಿದು 50 ಮೀಟರ್ ಅಂತರದಲ್ಲಿ ಎರಡು ಗುರುತು ಹಾಕಬೇಕು. ವಾಹನ ಮೊದಲ ಗುರುತು ದಾಟಿದಾಗ ಸ್ಟಾಪ್‌ವಾಚ್ ಒತ್ತಿ, ಎರಡನೆಯದರಲ್ಲಿ ನಿಲ್ಲಿಸಬೇಕು. 180ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಸಿಗುತ್ತದೆ: 6 ಸೆಕೆಂಡಾದರೆ 30, ನಾಲ್ಕೂವರೆಯಾದರೆ 40, 3.6 ಆದರೆ 50. ಒಂದೇ ತುದಿಯಲ್ಲಿ ನಿಂತು ದೂರದ ಗುರುತನ್ನು ಓರೆಯಾಗಿ ನೋಡಿದರೆ ಲೆಕ್ಕ ಕೆಡುತ್ತದೆ. 0.3 ಸೆಕೆಂಡು ತಪ್ಪಿದರೂ 50 ಎಂಬುದು 46 ಅಥವಾ 54 ಆದೀತು. ಹಾಗಾಗಿ ಆ ಕಡೆ ಇನ್ನೊಬ್ಬರು ನಿಂತು ಕೈ ಇಳಿಸಿ ಸೂಚಿಸಬೇಕು. ಅಳೆಯುವವರು ಹೊಳೆಯುವ ಜಾಕೆಟ್ ತೊಡಬಾರದು. ಅದನ್ನು ಕಂಡ ಚಾಲಕರು ವೇಗ ತಗ್ಗಿಸುತ್ತಾರೆ, ಅಂಕಿಗಳು ಸುಳ್ಳಾಗುತ್ತವೆ. ಕಾಂಪೌಂಡಿನ ಒಳಗಿನಿಂದಲೇ ನೋಡುವುದು ಎಲ್ಲ ರೀತಿಯಲ್ಲೂ ಲೇಸು.

ಈ ಅಂಕಿಗಳನ್ನು ಭೌತಶಾಸ್ತ್ರದ ತರಗತಿಗೆ ಒಯ್ದೆವು. ಚಾಲಕ ಪ್ರತಿಕ್ರಿಯಿಸಲು 1 ಸೆಕೆಂಡು ಹಿಡಿಯುತ್ತದೆ ಎಂದುಕೊಳ್ಳಿ. 30ರ ವೇಗದ ಕಾರು ಒಣ ರಸ್ತೆಯಲ್ಲಿ ಸುಮಾರು 13 ಮೀಟರಿಗೆ ಪೂರ್ತಿ ನಿಲ್ಲುತ್ತದೆ. 50ರಲ್ಲಿ ಬರುವ ಕಾರು ಅದೇ ಜಾಗ ತಲುಪಿದಾಗ ಬ್ರೇಕ್ ಇನ್ನೂ ಹಿಡಿದೇ ಇರುವುದಿಲ್ಲ. ಮಕ್ಕಳು ಸ್ವತಃ ಲೆಕ್ಕ ಮಾಡಿ ಇದನ್ನು ಕಂಡುಕೊಂಡರೆ ಬೇರೆ ಉಪದೇಶ ಬೇಕಿಲ್ಲ. ಅಪಘಾತದ ರಕ್ತಸಿಕ್ತ ಚಿತ್ರಗಳನ್ನು ಮಾತ್ರ ನಾವು ತೋರಿಸುವುದಿಲ್ಲ. ಆ ಭಯ ವಾರದಲ್ಲಿ ಆರಿಹೋಗುತ್ತದೆ, ಮನೆಯವರನ್ನು ಕಳೆದುಕೊಂಡ ಮಗು ಆ ತರಗತಿಯಲ್ಲಿದ್ದರೆ ಅದರ ಗಾಯ ಮಾತ್ರ ಕೆದರಿದಂತಾಗುತ್ತದೆ.

ಗೇಟಿನಲ್ಲಿ ಮಾಡಿದ ಮುಖ್ಯ ಬದಲಾವಣೆ ಸರದಿ. ನಡೆದು ಹೋಗುವವರು ಮೊದಲು, ನಾಲ್ಕು ನಿಮಿಷ ಬಿಟ್ಟು ಸೈಕಲಿನವರು, ಕೊನೆಗೆ ವಾಹನ ಹತ್ತುವವರು. 7 ಮೀಟರ್ ಅಗಲದ ರಸ್ತೆ ದಾಟಲು ಒಬ್ಬರಿಗೆ ಸುಮಾರು 6 ಸೆಕೆಂಡು ಸಾಕು. ಇಪ್ಪತ್ತು ಜನ ಒಟ್ಟಿಗೆ ಇಳಿದರೆ ಮುಂದಿನವರು ಆಚೆ ದಡ ಮುಟ್ಟಿದಾಗಲೂ ಬಾಲ ನಡುರಸ್ತೆಯಲ್ಲೇ ಇರುತ್ತದೆ, ಬಾಲದಲ್ಲಿದ್ದವರು ವಾಹನ ನೋಡದೆ ಮುಂದಿನವರ ಬೆನ್ನು ನೋಡುತ್ತಾರೆ. ಎಂಟು ಹತ್ತು ಜನರನ್ನಷ್ಟೇ ಒಮ್ಮೆಗೆ ಬಿಡಿ. ಬಸ್ಸಿನಿಂದ ಇಳಿದವರು ಬಸ್ಸು ಹೋಗುವವರೆಗೆ ಕಾಯಬೇಕು. ದೊಡ್ಡ ವಾಹನದ ಮೂತಿಯ ಬುಡದಲ್ಲಿ ಯಾರಿದ್ದಾರೆಂಬುದು ಚಾಲಕನಿಗೆ ಕಾಣದು. ಇಷ್ಟೆಲ್ಲ ಮಾಡಿದರೂ ಸರದಿ ಮುರಿಯುವವರು ಹೆಚ್ಚಾಗಿ ಪೋಷಕರೇ. ಎದುರು ಬದಿಯಲ್ಲಿ ಗಾಡಿ ನಿಲ್ಲಿಸಿ ಕೈಬೀಸಿ ಕರೆಯುತ್ತಾರೆ, ಮಗು ಅತ್ತಿತ್ತ ನೋಡದೆ ಓಡುತ್ತದೆ. ಅದಕ್ಕೇ ನಮ್ಮಲ್ಲಿ ಪೋಷಕರಿಗಿರುವುದು ಒಂದೇ ನಿಯಮ: ಗಾಡಿ ಗೇಟಿನ ಬದಿಗೇ ಬರಲಿ, ಇಲ್ಲವೇ ನೀವೇ ದಾಟಿ ಬನ್ನಿ.

ಮಕ್ಕಳಿಗೆ ಮೂರು ನಿಯಮ: ಗೇಟಿನವರೆಗೆ ಸೈಕಲ್ ತಳ್ಳಿಕೊಂಡು ಹೋಗು, ಅಂಚಿನಲ್ಲಿ ನಿಂತು ನೋಡು, ರಸ್ತೆಯಲ್ಲಿ ಇಯರ್‌ಫೋನ್ ಜೇಬಿನಲ್ಲಿಡು. ‘ಮಾಡಬೇಡ’ ಎಂದರೆ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ಸಭಾಂಗಣದ ಭಾಷಣ ಬಿಟ್ಟು ತರಗತಿಗೆ ಹತ್ತು ನಿಮಿಷದಂತೆ ಅದೇ ಜಾಗದಲ್ಲಿ ನಡೆಸಿ ತೋರಿಸಿದೆವು. ಒಂದು ಗದರಿಕೆಗೆ ನಾಲ್ಕು ಮೆಚ್ಚುಗೆ ಎಂಬುದು ಗುರಿ. ಲೆಕ್ಕ ತಪ್ಪದಿರಲು ಎಡಜೇಬಿನಲ್ಲಿ ನಾಲ್ಕು ಗುಂಡಿ ಇಟ್ಟುಕೊಂಡು, ಮೆಚ್ಚಿದಾಗಲೆಲ್ಲ ಒಂದೊಂದನ್ನು ಬಲಕ್ಕೆ ಹಾಕುವುದು. ಹದಿನೈದರ ಹುಡುಗನನ್ನು ಗೆಳೆಯರ ಮುಂದೆ ಹೊಗಳಿದರೆ ಅವನು ನಾಳೆ ಬೇಕಂತಲೇ ತಪ್ಪು ಮಾಡಿಯಾನು. ಪಕ್ಕದಲ್ಲಿ ಸಾಗುತ್ತಾ ‘ಚಿಕ್ಕವರನ್ನು ಮುಂದೆ ಬಿಟ್ಟೆ, ನೋಡಿದೆ’ ಅಂದರೆ ಸಾಕು.

ತಂಟೆಯಾದರೆ ನೋಟ್‌ಬುಕ್ಕಿನಲ್ಲಿ ಹೊತ್ತು, ಜಾಗ, ಅದಕ್ಕೆ ಮುಂಚೆ ಏನಾಯಿತು, ನಂತರ ಏನಾಯಿತು ಇಷ್ಟೇ ಬರೆಯುತ್ತೇವೆ. ‘ಉಡಾಫೆ’, ‘ಪುಂಡ’ ಎಂಬ ಪದಗಳಿಗೆ ಅಲ್ಲಿ ಜಾಗವಿಲ್ಲ. ತಿಂಗಳ ಪುಟಗಳನ್ನು ಒಟ್ಟಿಗೆ ಓದಿದರೆ ಕಾರಣ ಮಕ್ಕಳಿಗಿಂತ ಜಾಗದಲ್ಲಿರುವುದೇ ಹೆಚ್ಚು. ಸೈಕಲ್ ಸ್ಟ್ಯಾಂಡಿನ ಕಿರಿದಾದ ಬಾಯಿ, ಅಲ್ಲೇ ಸೈಕಲ್ ತಿರುಗಿಸುವ ಗಡಿಬಿಡಿ. ಬೆಳಿಗ್ಗೆ ನಿಲ್ಲಿಸುವಾಗಲೇ ಮುಂಗಾಲಿ ಹೊರಮುಖ ಮಾಡಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ದಿನವೂ ಅದೇ ಶಿಕ್ಷಕರು ಅದೇ ಜಾಗದಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಒಂದು ಕಾರಣವಿದೆ. ಗುಂಪು ಬಿಟ್ಟವರು, ದಾರಿ ಬದಲಿಸಿದವರು, ಮನೆಗೆ ಹೋಗಲು ಮನಸ್ಸಿಲ್ಲದೆ ಸುಳಿದಾಡುವವರು ಕಣ್ಣಿಗೆ ಬೀಳುವುದು ಹೀಗೇ. ಒಂದು ದಿನದ ಮಂಕು ಏನೂ ಹೇಳದು, ಎರಡು ವಾರ ನಡೆದರೆ ಮಾತಾಡಿಸುತ್ತೇವೆ. ‘ಯಾಕೆ’ ಎಂದು ಶುರುಮಾಡಿದರೆ ಬಾಯಿ ಕಟ್ಟುತ್ತದೆ. ‘ಎರಡು ವಾರದಿಂದ ಕೊನೆಗೇ ಹೋಗ್ತಿದ್ದೀಯ’ ಎಂದು ಕಂಡದ್ದನ್ನಷ್ಟೇ ಹೇಳಿ ಸುಮ್ಮನಾಗಬೇಕು. ಎಷ್ಟೋ ಸಲ ಉತ್ತರ ಸರಳ: ದಾರಿಯಲ್ಲಿ ಯಾರೋ ಕಾಡಿಸುತ್ತಿರುತ್ತಾರೆ, ಇಲ್ಲವೇ ನಿದ್ದೆ ಇರುವುದಿಲ್ಲ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಗುಟ್ಟಾಗಿಡುತ್ತೇನೆಂದು ಮಾತು ಕೊಡಬಾರದು. ಜೀವಕ್ಕೆ ಅಪಾಯವಿದ್ದರೆ ಒಬ್ಬರಿಗೆ ಹೇಳಲೇಬೇಕಾಗುತ್ತದೆಂದು ಮೊದಲೇ ತಿಳಿಸಬೇಕು. ಸಾವಿನ ಮಾತು ಸುಳಿದರೆ ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಗುವನ್ನು ಒಂಟಿಯಾಗಿ ಬಿಡದೆ, ಚೀಟಿ ಕೊಟ್ಟು ಕಳಿಸದೆ, ಆಪ್ತಸಮಾಲೋಚಕರ ಬಳಿ ಜೊತೆಗೇ ಹೋಗಿ.

ವೇಗದ ಅಂಕಿಗಳು ಸೂಚನಾ ಫಲಕದಲ್ಲಿರುತ್ತವೆ. ಹೆಸರುಗಳಿರುವ ನೋಟ್‌ಬುಕ್ ಬೀಗದೊಳಗೆ ಇರುತ್ತದೆ, ಅದನ್ನು ಸಿಬ್ಬಂದಿ ಕೊಠಡಿಯ ಮೇಜಿನ ಮೇಲೆ ಒಮ್ಮೆಯೂ ಇಡುವುದಿಲ್ಲ.